ಸಾಯಂಕಾಲದ ಬಸ್ಸಿನ ವಿಷಯ, ಎಲ್ಲಾ ಪೋಷಕರಿಗೆ

ಎಲ್ಲಾ ಪೋಷಕರಿಗೆ ನಮಸ್ಕಾರ. ಮೊಮ್ಮಕ್ಕಳನ್ನ ಮನೇಲಿ ಇಟ್ಕೊಂಡು ಓದಿಸ್ತಾ ಇರೋ ಅಜ್ಜ ಅಜ್ಜಿಯಂದಿರಿಗೂ ನಮಸ್ಕಾರ.

ಸಾಯಂಕಾಲ 5:40ರ ಬಸ್ಸು ನಿಂತು ಮೂರು ವಾರ ಆಯ್ತು. ಮೊದಲು ವಾರದಲ್ಲಿ ಎರಡು ದಿನ ತಪ್ತಾ ಇತ್ತು, ಆಮೇಲೆ ಶನಿವಾರ ಬರಲ್ಲ ಅಂದ್ರು, ಈಗ ಆ ಟ್ರಿಪ್ಪೇ ಕಟ್. ನಮ್ಮ ಕಡೆಗೆ ಈಗ 4:25ರದ್ದೇ ಲಾಸ್ಟ್ ಬಸ್. ಹತ್ತನೇ ಕ್ಲಾಸಿನ ಸ್ಪೆಷಲ್ ಕ್ಲಾಸ್ ಶುರುವಾಗೋದೇ 4:20ಕ್ಕೆ, ಹಾಗಾಗಿ ಬಸ್ಸಿನ ಮಕ್ಕಳೆಲ್ಲ ಬ್ಯಾಗ್ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೊಂಡು "ಮೇಡಂ, ಬಸ್ಸು" ಅಂತಾರೆ, ನಾನು ಹೋಗಿ ಅಂತೀನಿ, ಬೇರೆ ಎಂತ ಹೇಳೋದು. ಲೆಕ್ಕದಲ್ಲಿ ಸ್ವಲ್ಪ ಹಿಂದೆ ಇರೋರು ಜಾಸ್ತಿ ಇವರೇ. ಪೇಟೆ ಹತ್ರದ ಮಕ್ಕಳಿಗೆ ಟ್ಯೂಷನ್ ಆದ್ರೂ ಉಂಟು, ಕಾಡಿನ ಬದಿ ಮನೆಯವರಿಗೆ ನಾವಲ್ದೆ ಯಾರಿದ್ದಾರೆ. ಕ್ಲಾಸ್ ಬೇಕಾದವರು ಬಸ್ಸಲ್ಲಿ ಹೋಗ್ಬಿಟ್ಟು ಅಷ್ಟೇನೂ ಬೇಡದವರು ಬೆಂಚಲ್ಲಿ ಕೂತಿರೋದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಬಸ್ಸಿನ ಓನರನ್ನ ನಾನೇ ಹೋಗಿ ಕಂಡೆ. ಅವರು ಕೋಪ ಮಾಡ್ಕೊಳ್ಳಿಲ್ಲ, ಕಲೆಕ್ಷನ್ ಪುಸ್ತಕ ತೆಗೆದು ಮುಂದೆ ಇಟ್ರು. ಆ ಟ್ರಿಪ್ಪಲ್ಲಿ ಇರೋದೆಲ್ಲ ನಮ್ಮ ಮಕ್ಕಳ ಹಾಫ್ ಟಿಕೆಟ್, ವಾಪಸ್ ಬರುವಾಗ ಬಸ್ಸಲ್ಲಿ ಡ್ರೈವರ್ ಕಂಡಕ್ಟರ್ ಇಬ್ಬರೇ, ಡೀಸೆಲಿಗೂ ಸಾಕಾಗಲ್ಲ. ದಸರಾ ರಜೆ, ಬೇಸಿಗೆ ರಜೆ, ಮಳೆ ಜೋರಾದ್ರೆ ಡಿಸಿ ಕೊಡೋ ರಜೆ, ಆ ದಿನ ಎಲ್ಲ ಅದೂ ಇಲ್ಲ. ಮೊದಲು ಹೀಗಿರ್ಲಿಲ್ಲ ಅಲ್ವಾ? ಗೇರುಬೀಜ ಫ್ಯಾಕ್ಟರಿ ಬಿಟ್ಟು ಬರೋ ಹೆಂಗಸರು, ಬೀಡಿ ಬ್ರಾಂಚಿಗೆ ಹೋದವರು, ಕುಂದಾಪುರದಲ್ಲಿ ಡಾಕ್ಟರ ಹತ್ರ ತೋರಿಸ್ಕೊಂಡು ಬರೋರು, ಎಲ್ರೂ ಅದೇ ಬಸ್ಸು, ಫುಟ್‌ಬೋರ್ಡಲ್ಲಿ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ. ಕೊರೊನಾದಲ್ಲಿ ಬಸ್ ನಿಂತಾಗ ಮನೆಗೊಂದು ಸ್ಕೂಟರ್ ಬಂತು, ಬಸ್ ಮತ್ತೆ ಶುರುವಾದ್ರೂ ಆ ಜನ ವಾಪಸ್ ಬರ್ಲಿಲ್ಲ. ನಾನೂ ಸ್ಕೂಟರಲ್ಲೇ ಬರೋದು. ಜನ ಕಮ್ಮಿ ಅಂತ ಟ್ರಿಪ್ ಕಟ್, ಟ್ರಿಪ್ ಇಲ್ಲ ಅಂತ ಇನ್ನೊಂದು ಮನೇಲಿ ಸ್ಕೂಟರ್, ಕೊನೆಗೆ ರಸ್ತೆಲಿ ಉಳಿಯೋದು ಲೈಸೆನ್ಸ್ ಇಲ್ಲದವರು, ಅಂದ್ರೆ ನಮ್ಮ ಮಕ್ಕಳು ಮತ್ತೆ ವಯಸ್ಸಾದವರು.

ಸರ್ಕಾರಿ ಬಸ್ ಹಾಕ್ಸಿ ಅಂತ ತುಂಬ ಜನ ಹೇಳ್ತೀರಿ. ನ್ಯಾಯವಾದ ಮಾತೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಇಲ್ಲ, ಆದ್ರೆ ಉಡುಪಿ, ದಕ್ಷಿಣ ಕನ್ನಡ ಎರಡೂ ಕಡೆ ಹಳ್ಳಿ ರೂಟಲ್ಲಿ ಓಡೋದು ಜಾಸ್ತಿ ಪ್ರೈವೇಟ್ ಬಸ್ಸೇ, ಅದರಲ್ಲಿ ಶಕ್ತಿ ನಡೆಯಲ್ಲ. ಬೇರೆ ಜಿಲ್ಲೆಯ ಹುಡುಗಿ ಆಧಾರ್ ಕಾರ್ಡ್ ತೋರಿಸಿ ಸ್ಕೂಲಿಗೆ ಹೋಗ್ತಾಳೆ, ನಮ್ಮ ಹುಡುಗಿ ದಿನಾ ಎರಡು ಸಲ ದುಡ್ಡು ಕೊಡ್ತಾಳೆ. ಮನೇಲಿ ಇಬ್ರು ಹುಡುಗಿಯರಿದ್ರೆ ತಿಂಗಳಿಗೆ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತುಂಟು. ಹಾಗಾಗಿ ಕೆಎಸ್‌ಆರ್‌ಟಿಸಿಯ ಕುಂದಾಪುರ ಡಿಪೋಗೂ ಒಂದು ಅರ್ಜಿ ರೆಡಿ ಮಾಡಿದ್ದೇನೆ. ಆದ್ರೂ ಒಂದು ಮಾತು, ಸರ್ಕಾರಿ ಬಸ್ಸೂ ಖಾಲಿ ಓಡಿದ್ರೆ ಅವರೂ ಒಂದು ದಿನ ನಿಲ್ಲಿಸೇ ನಿಲ್ಲಿಸ್ತಾರೆ.

ಇನ್ನೊಂದು ದಾರಿ ಉಂಟು, ಇದು ತುಂಬ ಜನರಿಗೆ ಗೊತ್ತಿಲ್ಲ. ಪ್ರೈವೇಟ್ ಬಸ್ಸಿಗೆ ಪರ್ಮಿಟ್ ಕೊಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಡಿಸಿಯವರೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಯಾವ ರೂಟು, ದಿನಕ್ಕೆ ಎಷ್ಟು ಟ್ರಿಪ್ಪು, ಟೈಮಿಂಗ್ ಎಷ್ಟೊತ್ತಿಗೆ, ಎಲ್ಲ ಪರ್ಮಿಟಿಗೇ ಸೇರಿದ್ದು, ಓನರಿಗೆ ಬೇಕಾದ ಹಾಗೆ ಬಿಡೋ ಹಾಗಿಲ್ಲ. ಹಾಗಾಗಿ 5:40ರ ಟ್ರಿಪ್ ಪರ್ಮಿಟಲ್ಲಿ ಉಂಟಾ ಇಲ್ವಾ ಅಂತ ಆರ್‌ಟಿಒ ಆಫೀಸಲ್ಲಿ ಕೇಳಿ ಅರ್ಜಿ ಹಾಕಿದ್ದೇನೆ. ಓನರಿಗೆ ತೊಂದರೆ ಕೊಡೋಕಲ್ಲ ಇದು, ಅವರಿಗೂ ಹೇಳೇ ಹಾಕಿದ್ದು. ವಾರಕ್ಕೆ ಐದು ದಿನ ಗ್ಯಾರಂಟಿ ಜನ ಇದ್ರೆ ಬಿಡ್ತೇನೆ ಅಂತ ಅವರೂ ಹೇಳಿದ್ದಾರೆ.

ಈಗ ಓಮ್ನಿ ವಿಷಯ. ಇದನ್ನ ಬರೀಲೇಬೇಕು, ಬೇಜಾರು ಮಾಡ್ಕೋಬೇಡಿ. ಬಸ್ ನಿಂತ ಮೇಲೆ ಕೆಲವರು ಸೇರಿ ಓಮ್ನಿ ಮಾಡ್ಕೊಂಡಿದ್ದೀರಿ, ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ಮೊನ್ನೆ ಗೇಟಲ್ಲಿ ನಿಂತು ಎಣಿಸಿದೆ, ಒಂದು ಗಾಡೀಲಿ 15 ಮಕ್ಕಳು, ಹಿಂದಿನ ಡೋರ್ ಅರ್ಧ ತೆಗ್ದಿದೆ, ಬ್ಯಾಗು ಮೇಲೆ ಕಟ್ಟಿದೆ. 2016ರ ಜೂನಲ್ಲಿ ತ್ರಾಸಿ ಮೊವಾಡಿ ಕ್ರಾಸ್ ಹತ್ರ ಸ್ಕೂಲಿಗೆ ಹೋಗ್ತಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ಹೋದದ್ದು ಇದೇ ನಮ್ಮ ಕುಂದಾಪುರ ಕಡೆ. ಆ ದಿನ ನಾವು ಟೀಚರುಗಳು ಯಾರೂ ಮಧ್ಯಾಹ್ನ ಊಟ ಮಾಡ್ಲಿಲ್ಲ. ದಯವಿಟ್ಟು ಸೀಟಿಗಿಂತ ಜಾಸ್ತಿ ಮಕ್ಕಳನ್ನ ಹತ್ತಿಸ್ಬೇಡಿ, ಎರಡು ಟ್ರಿಪ್ ಮಾಡಿಸಿ. ಎರಡನೇ ಟ್ರಿಪ್ಪಿನ ಮಕ್ಕಳು ಗಾಡಿ ಬರೋವರೆಗೆ ಸ್ಕೂಲಲ್ಲೇ ಇರ್ಲಿ, ನಾನೋ ಇನ್ನೊಬ್ಬ ಟೀಚರೋ ಇರ್ತೇವೆ.

ನಡ್ಕೊಂಡು ಹೋಗೋ ಮಕ್ಕಳ ಮನೆಯವರಿಗೂ ಒಂದು ವಿನಂತಿ. 2022ರ ಆಗಸ್ಟಲ್ಲಿ ಕಾಲ್ತೋಡಿನಲ್ಲಿ ಕಾಲುಸಂಕ, ಅಂದ್ರೆ ನಡ್ಕೊಂಡು ಹೋಗೋ ಸಣ್ಣ ಸೇತುವೆ, ದಾಟುವಾಗ ಪುಟ್ಟ ಹುಡುಗಿ ನೀರುಪಾಲಾದದ್ದನ್ನ ಮರೀಬೇಡಿ. ಹೊಳೆ ತುಂಬಿದ ದಿನ ಮಗು ಬರ್ಲಿಲ್ಲ ಅಂತ ನಾನು ಯಾರನ್ನೂ ಕೇಳಲ್ಲ, ಹಾಜರಿ ವಿಷಯ ನಂಗೆ ಬಿಡಿ. ಸೈಕಲ್ ಕೊಡ್ತಾರಾ ಅಂತ ಕೆಲವರು ಕೇಳಿದ್ರಿ, 2006-07ರಿಂದ ಎಂಟನೇ ಕ್ಲಾಸಿಗೆ ಕೊಡ್ತಿದ್ದದ್ದು ಕೊರೊನಾ ಟೈಮಲ್ಲಿ ನಿಂತೋಯ್ತು, ಸದ್ಯಕ್ಕೆ ಅದನ್ನ ನಂಬ್ಕೊಂಡು ಕೂರೋದು ಬೇಡ.

ಸ್ಕೂಲಿಂದ ಆಗೋದನ್ನ ನಾವು ಮಾಡ್ತೇವೆ. ಬೆಳಿಗ್ಗೆ ಬಸ್ಸು ಮಕ್ಕಳನ್ನ ಇಳಿಸೋದು 8:45ಕ್ಕೆ, ಪ್ರಾರ್ಥನೆ 9:30ಕ್ಕೆ, ನಡುವೆ ಅವರು ಜಗಲೀಲಿ ಸುಮ್ನೆ ಕೂತಿರ್ತಾರೆ. ಇಷ್ಟು ದಿನ ಇದು ನಮ್ಮ ತಲೆಗೆ ಹೋಗಿರ್ಲಿಲ್ಲ. ಬರೋ ಸೋಮವಾರದಿಂದ ಹತ್ತನೆಯವರ ಲೆಕ್ಕ ಮತ್ತೆ ಇಂಗ್ಲಿಷ್ ಸ್ಪೆಷಲ್ ಕ್ಲಾಸ್ ಬೆಳಿಗ್ಗೆ 8:50ಕ್ಕೆ. ಹತ್ರದ ಮನೆಯವರು ಮಕ್ಕಳನ್ನ ಸ್ವಲ್ಪ ಬೇಗ ಎಬ್ಬಿಸಿ ಕಳಿಸ್ಬೇಕು. ಗಂಜಿ ಕುಡೀದೆ ಬಂದ್ರೆ ಪಾಠ ತಲೆಗೆ ಹತ್ತಲ್ಲ, ಅದೊಂದು ನೋಡ್ಕೊಳ್ಳಿ.

ನಿಮ್ಮಿಂದ ಬೇಕಾದ್ದು ಇಷ್ಟು. ಈ ಪತ್ರದ ಜೊತೆ ಒಂದು ಚೀಟಿ ಉಂಟು, ಅದರಲ್ಲಿ ಮಗು ಯಾವ ಸ್ಟಾಪಲ್ಲಿ ಹತ್ತೋದು, ಮನೇಲಿ ಬೇರೆ ಯಾರಾದ್ರೂ 5:40ಕ್ಕೆ ಬಸ್ಸಿದ್ರೆ ಅದರಲ್ಲೇ ಬರ್ತೀರಾ ಅಂತ ಬರ್ದು ಸಹಿ ಹಾಕಿ ಶುಕ್ರವಾರದೊಳಗೆ ಮಕ್ಕಳ ಕೈಲಿ ಕಳಿಸಿ. ಬರಲ್ಲ ಅಂದ್ರೆ ಬರಲ್ಲ ಅಂತಲೇ ಬರೀರಿ, ಸುಳ್ಳು ಲೆಕ್ಕ ಹಿಡ್ಕೊಂಡು ಡಿಸಿ ಆಫೀಸಿಗೆ ಹೋಗೋಕೆ ನಂಗಾಗಲ್ಲ. ವಾರಕ್ಕೆ ಎರಡು ದಿನ ಆದ್ರೂ ಸ್ಕೂಟರ್ ಮನೇಲಿಟ್ಟು ಬಸ್ಸಲ್ಲಿ ಬರೋಕೆ ಆಗುತ್ತಾ ನೋಡಿ, ನಾನು ಮಂಗಳವಾರ ಗುರುವಾರ ಬಸ್ಸಲ್ಲೇ ಬರ್ತೇನೆ ಅಂತ ಓನರಿಗೆ ಹೇಳಿ ಬಂದಿದ್ದೇನೆ. ಶನಿವಾರ 12:30ಕ್ಕೆ ಎಂಟನೇ ಕ್ಲಾಸ್ ರೂಮಲ್ಲಿ ಮೀಟಿಂಗ್, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರೂ ಇರ್ತಾರೆ. ಓದೋಕೆ ಬರ್ದೇ ಇರೋರಿಗೆ ಪಕ್ಕದ ಮನೆಯವರು ಇದನ್ನ ಓದಿ ಹೇಳಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ