ಬೆಳಕಿನ ಕತ್ತಿಯ ವೈರಿಂಗ್ ಬಗ್ಗೆ ತಮ್ಮನಿಗೊಂದು ಪತ್ರ

ಮ್ಯೂನಿಕ್
ಭಾನುವಾರ

ಪ್ರೀತಿಯ ಪುಟ್ಟ,

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಗಣೇಶನ ಹಬ್ಬದ ನಾಟಕಕ್ಕೆ ಮಾಡಿದ ಕತ್ತಿಯ ವಿಡಿಯೋ ನೋಡಿದೆ. ಅಲಗು ತುಂಬ ಚೆನ್ನಾಗಿ ಬಂದಿದೆ, ಎಲ್ಲ ಹತ್ತಿದ್ದಾಗ ಬೆಳಕು ಕೊಳವೆಯ ಉದ್ದಕ್ಕೂ ಒಂದೇ ಸಮ ಹರಡಿದೆ. ಎಲ್ಲ ಬೆಸುಗೆ ಬಿಚ್ಚಿ ಮೊದಲಿನಿಂದ ಹಾಕುತ್ತೇನೆ ಅಂದೆಯಲ್ಲ, ಹಾಗೆ ಮಾಡಬೇಡ. ಅಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆ: ಬಿಳಿ ಬಣ್ಣ ಹಾಕಿದರೆ ಆರುವುದು, ಆಮೇಲೆ ಅರ್ಧ ಪಟ್ಟಿ ಕತ್ತಲಾಗಿದ್ದು, ಬೀಸಿದಾಗ ಮಿನುಗುವುದು. ಯಾವುದು ಎಲ್ಲಿದೆ ಅಂತ ಮಲ್ಟಿಮೀಟರ್ ತೋರಿಸಿದ ಮೇಲೆಯೇ ಬೆಸುಗೆಯ ಐರನ್ ಬಿಸಿಮಾಡು.

ಬಿಳಿ ಬಣ್ಣ ಹಾಕಿದ ಕೂಡಲೇ ಝಗ್ಗೆಂದು ಹತ್ತಿ ಆರಿಹೋಗುವುದಕ್ಕೂ ಬೆಸುಗೆಗೂ ಸಂಬಂಧವಿಲ್ಲ. ನಿನ್ನ ಡಬ್ಲ್ಯೂಎಸ್2812ಬಿ ಪಟ್ಟಿಯಲ್ಲಿ (ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದದ್ದು) 60 ಎಲ್‌ಇಡಿ ಇವೆ. ಪೂರ್ತಿ ಬಿಳಿಯಲ್ಲಿ ಒಂದೊಂದೂ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ, ಅಂದರೆ ಒಟ್ಟು 3.6 ಆಂಪ್. ನೀನು ಹಾಕಿರುವ ಟಿಪಿ4056 ಚಾರ್ಜಿಂಗ್ ಬೋರ್ಡಿನ ರಕ್ಷಣಾ ಚಿಪ್ ಸುಮಾರು 3 ಆಂಪ್ ದಾಟಿದರೆ ಕರೆಂಟ್ ಕಡಿದುಬಿಡುತ್ತದೆ. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಹತ್ತುತ್ತದೆ ಅಂದರೆ ಇದೇ ಕಾರಣ. ಚಾರ್ಜರ್ ಚುಚ್ಚಿದ ಮೇಲಷ್ಟೇ ಹತ್ತುತ್ತದೆ ಅಂದರೆ ಸೆಲ್ ಖಾಲಿಯಾಗಿದೆ. ಪ್ರೋಗ್ರಾಮಿನಲ್ಲಿ ಬ್ರೈಟ್‌ನೆಸ್ಸನ್ನು 255ರಿಂದ 80ಕ್ಕೆ ಇಳಿಸು, ಒಂದು ಆಂಪ್ ಚಿಲ್ಲರೆಗೆ ಬರುತ್ತದೆ. ಕತ್ತಲೆಯ ರಂಗಕ್ಕೆ ಆ ಬೆಳಕು ಧಾರಾಳ. ಪಟ್ಟಿಯ ವೈರ್ ತೆಗೆದು ಚಾರ್ಜಿಂಗ್ ಬೋರ್ಡಿನಲ್ಲಿ ಸೆಲ್ ಸೇರುವ ಬಿ ಪ್ಲಸ್, ಬಿ ಮೈನಸ್‌ಗೆ ಹಾಕಿದರೆ ಆರುವುದಿಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಅಲ್ಲಿ ರಕ್ಷಣೆಯೇ ಇರುವುದಿಲ್ಲ. ಲೋಡ್, ಅಂದರೆ ಪಟ್ಟಿ, ಯಾವಾಗಲೂ ಔಟ್ ಪ್ಲಸ್, ಔಟ್ ಮೈನಸ್‌ನಲ್ಲೇ ಇರಲಿ.

ಇನ್ನು, ಆಮೇಲೆ 22 ಎಲ್‌ಇಡಿ ಮಾತ್ರ ಹತ್ತಿ ಮುಂದಿನವು ಕತ್ತಲಾಗಿರುವ ವಿಷಯ. ಈ ಪಟ್ಟಿಯಲ್ಲಿ ಡೇಟಾ, ಅಂದರೆ ಯಾವ ಬಣ್ಣ ಅಂತ ಹೇಳುವ ಸಂಕೇತ, ಒಂದು ಎಲ್‌ಇಡಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ. ಹಾಗಾಗಿ ದೋಷ 22ನೆಯದರ ಔಟ್‌ನಲ್ಲಿರಬೇಕು, ಇಲ್ಲವೇ 23ನೆಯದರ ಇನ್‌ನಲ್ಲಿ. ಉಳಿದ ಪಟ್ಟಿಯನ್ನು ಮುಟ್ಟಬೇಕಾಗಿಲ್ಲ. ಸ್ವಿಚ್ ಆರಿಸಿ, ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ (ಸಂಪರ್ಕ ಇದ್ದರೆ ಬೀಪ್ ಅನ್ನುವ ಗುರುತಿಗೆ) ಇಟ್ಟು ಆ ಎರಡರ ಮಧ್ಯೆ ಮುಟ್ಟಿಸು. ಬೀಪ್ ಬರದಿದ್ದರೆ ತಾಮ್ರ ಬಿರುಕು ಬಿಟ್ಟಿದೆ, ಮೇಲೊಂದು ತೆಳು ವೈರ್ ಬೆಸೆದರೆ ಮುಗಿಯಿತು. ಬೀಪ್ ಬಂದರೆ ಎರಡರಲ್ಲಿ ಒಂದು ಸುಟ್ಟಿರಬಹುದು. ಮೊದಲು 23ನೆಯದನ್ನು ಕತ್ತರಿಸಿ ತೆಗೆದು, 22 ಮತ್ತು 24ರ ಮಧ್ಯೆ ಐದು ವೋಲ್ಟ್, ಡೇಟಾ, ಗ್ರೌಂಡ್ ಮೂರನ್ನೂ ಜೋಡಿಸು. ಬಾಣದ ಗುರುತು ತುದಿಯ ಕಡೆಗೇ ಇರಬೇಕು.

ಬೀಸಿದಾಗ ಮಿನುಗುವುದನ್ನು ಎರಡು ಬಗೆಯಾಗಿ ನೋಡು. ಬಣ್ಣದ ಆಟ ಮೊದಲಿನಿಂದ ಶುರುವಾದರೆ ಪ್ರೋಗ್ರಾಮ್ ಇರುವ ಬೋರ್ಡಿಗೆ ಕ್ಷಣಕಾಲ ಕರೆಂಟ್ ತಪ್ಪಿದೆ. ಶುರುವಾಗದೆ ಬಣ್ಣಗಳು ಮಾತ್ರ ಹುಚ್ಚೆದ್ದರೆ ಡೇಟಾ ಅಥವಾ ಗ್ರೌಂಡ್ ವೈರ್ ಸಡಿಲವಾಗಿದೆ. ನಿನ್ನ ವಿಡಿಯೋದಲ್ಲಿ ಮೊದಲಿನದೇ ಕಾಣುತ್ತದೆ. ಬೀಸುವಾಗ ಹಿಡಿಕೆಯೊಳಗಿನ 18650 ಲಿಥಿಯಂ ಸೆಲ್ ಅಲಗಿನ ತುದಿಯ ಕಡೆಗೆ ನೂಕಿಕೊಳ್ಳುತ್ತದೆ. ಹೋಲ್ಡರಿನ ಸ್ಪ್ರಿಂಗ್ ಆ ಕಡೆಗಿದ್ದರೆ ಅದು ಕುಗ್ಗಿ, ಇನ್ನೊಂದು ತುದಿಯಲ್ಲಿ ಸಂಪರ್ಕ ಬಿಟ್ಟುಹೋಗುತ್ತದೆ. ಸ್ಪ್ರಿಂಗ್ ಹಿಡಿಕೆಯ ಬುಡಕ್ಕೆ ಬರುವಂತೆ ಹೋಲ್ಡರನ್ನೇ ತಿರುಗಿಸು, ಪ್ಲಸ್ ಮೈನಸ್ ವೈರ್ ಅದಲುಬದಲಾಗದಂತೆ ನೋಡಿಕೊ. ಪಟ್ಟಿಯ ಆರಂಭದಲ್ಲಿ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪ್ಯಾಸಿಟರ್ ಹಾಕು, ಬಿಳಿ ಗೆರೆ ಇರುವ ಕಾಲು ಗ್ರೌಂಡಿಗೆ. ಡೇಟಾ ವೈರಿನಲ್ಲಿ ಮೊದಲ ಎಲ್‌ಇಡಿಯ ಹತ್ತಿರ 330 ಓಮ್ ರೆಸಿಸ್ಟರ್ ಇರಲಿ.

ಹಿಡಿಕೆ ಮತ್ತು ಅಲಗು ಸೇರುವ ಜಾಗದಲ್ಲಿ ಒಂಟಿ ತಂತಿಯ ವೈರ್ ಬೇಡ, ನಾಲ್ಕು ಸಲ ಬಾಗಿದರೆ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ. ಎಳೆ ಎಳೆಯ ವೈರ್ ಹಾಕಿ, ಬೆಸುಗೆಯಿಂದ ಒಂದು ಸೆಂಟಿಮೀಟರ್ ಆಚೆಗೆ ಹಾಟ್ ಗ್ಲೂ ಹಚ್ಚಿ ಕೂರಿಸು. ಜಗ್ಗಿದ್ದು ಬೆಸುಗೆಗೆ ತಲುಪಬಾರದು.

ಬೆಸುಗೆಯ ಬಗ್ಗೆ ಒಂದು ಮಾತು. ಯುರೋಪಿನಲ್ಲಿ 2006ರಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ನಿರ್ಬಂಧವಿದೆ. ಆದ್ದರಿಂದ ಇಲ್ಲಿನ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಸುಮಾರು 217 ಡಿಗ್ರಿಗೆ ಕರಗುವ ಸೀಸವಿಲ್ಲದ ಸೋಲ್ಡರ್. ಅದು ಮಂಕಾಗಿ ಕಂಡರೂ ಸರಿಯೇ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ನಿನ್ನ 60/40 ತವರ-ಸೀಸದ ಸೋಲ್ಡರ್ ಸುಮಾರು 190 ಡಿಗ್ರಿಗೇ ಕರಗುತ್ತದೆ, ಆರಿದ ಮೇಲೆ ಹೊಳೆಯಬೇಕು. ಮಂಕಾಗಿ ಉಂಡೆ ಕಟ್ಟಿದ್ದರೆ ಅದು ಹಿಡಿದಿಲ್ಲ. ಪಟ್ಟಿಯ ಪ್ಯಾಡಿಗೂ ವೈರಿಗೂ ಬೇರೆ ಬೇರೆಯಾಗಿ ಸೋಲ್ಡರ್ ಹಚ್ಚಿಕೊಂಡು, ಆಮೇಲೆ ಎರಡನ್ನೂ ಸೇರಿಸಿ ಎರಡು ಮೂರು ಸೆಕೆಂಡ್ ಮಾತ್ರ ಐರನ್ ಇಡು. ಹೆಚ್ಚಾದರೆ ಪ್ಯಾಡೇ ಕಿತ್ತು ಬರುತ್ತದೆ. ಬಿಸಿಗೆ ಕುಗ್ಗಿ ಜೋಡಣೆ ಮುಚ್ಚುವ ಶ್ರಿಂಕ್ ಸ್ಲೀವನ್ನು ಬೆಸೆಯುವ ಮೊದಲೇ ವೈರಿಗೆ ಏರಿಸಿಕೊ. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ.

ಅಪ್ಪನಿಗೂ ಇದನ್ನು ಓದಿ ಹೇಳು: ಸೆಲ್ಲಿನ ಮೈಗೆ ನೇರವಾಗಿ ಐರನ್ ತಾಗಿಸಬಾರದು, ಒಳಗಿನ ಪದರ ಕರಗಿ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದೂ ಬೇಡ.

ಕೊಳವೆ ಮುಚ್ಚುವ ಮೊದಲು ಎಲ್ಲ ಜೋಡಣೆಗಳ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಅಮ್ಮನ ಮಂಡಿನೋವು ಹೇಗಿದೆ ಅಂತಲೂ ಬರೆ.

ಇಂತಿ,
ನಿನ್ನ ಅಕ್ಕ