ಆವಿಗೆಗೆ ಸೌದೆ ಹಾಕಿದವರಿಗೆ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಳೇ ಕಾಲದ ಹಳ್ಳಿ ಬದುಕನ್ನು ತೋರಿಸುವ ವಸ್ತುಸಂಗ್ರಹಾಲಯವಾದ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್‌ನ, ಮಡಕೆ ಸುಡುವ ಇಟ್ಟಿಗೆಯ ಆವಿಗೆಗೆ ರಾತ್ರಿಯಿಡೀ ಸೌದೆ ಹಾಕಿದವರೇ, ಹೆಸರು ಗೊತ್ತಿಲ್ಲದ ನಿಮಗೆ ಧನ್ಯವಾದ. ಹರ್ವಿ ಬ್ರೂಕ್ಸ್ ಎಂಬ ಕುಂಬಾರನ 1819ರ ಕಾರ್ಯಾಗಾರದ ಕಟ್ಟಡವೇ ಕನೆಕ್ಟಿಕಟ್‌ನ ಗೋಶನ್‌ನಿಂದ ಅಲ್ಲಿಗೆ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಉರಿ ಕಾಯುವವರ ಮಾತು ಎತ್ತುವವರು ಕಡಿಮೆ.

ಮೊದಲ ಗಂಟೆಗಳಲ್ಲಿ ಉರಿಯನ್ನು ಸಣ್ಣದಾಗಿಯೇ ಇಟ್ಟಿರಿ. ಕಷ್ಟದ ಕೆಲಸ ಅದೇ. ಮಡಕೆಯ ದಪ್ಪ ತಳದಲ್ಲಿ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. ಒಂದು ಸಿಡಿದರೆ ಚೂರು ಪಕ್ಕದವಕ್ಕೂ ಬಡಿಯುತ್ತವೆ. 573ರ ಹತ್ತಿರ ಮಣ್ಣಿನೊಳಗಿನ ಬೆಣಚು ದಿಢೀರನೆ ಹಿಗ್ಗುತ್ತದೆ, ಅಲ್ಲೂ ಅವಸರ ಸಲ್ಲದು. ಸಾವಿರ ಸಮೀಪಿಸಿದ ಮೇಲೆ ಚೆನ್ನಾಗಿ ಒಣಗಿದ ಸಣ್ಣ ಸೀಳುಗಳನ್ನೇ, ಸ್ವಲ್ಪಸ್ವಲ್ಪವಾಗಿ ಹಾಕಿದಿರಿ. ಒಮ್ಮೆಲೇ ತುರುಕಿದ್ದರೆ ಗಾಳಿ ಸಾಲದೆ ಹೊಗೆ ಕಟ್ಟುತ್ತಿತ್ತು, ಕಾವು ಇಳಿಯುತ್ತಿತ್ತು, ಕೆಂಪಾಗಬೇಕಿದ್ದ ಮಣ್ಣು ಕಪ್ಪಿಡುತ್ತಿತ್ತು.

ಬಾಗಿಲಿಗೆ ಕಟ್ಟಿದ ಇಟ್ಟಿಗೆಗಳನ್ನು ಪೂರ್ತಿ ತಣಿಯುವ ಮುನ್ನ ಕೀಳಲು ಬಿಡಲಿಲ್ಲವಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ. ತಣ್ಣನೆ ಗಾಳಿ ತಾಗಿದ್ದರೆ ದೊಡ್ಡ ಜಾಡಿಗಳು ಟಣ್ಣೆಂದು ಬಿರಿಯುತ್ತಿದ್ದವು. ನೋಡಲು ಬಂದವರ ಆತುರ ಎಷ್ಟಿದ್ದರೂ ನೀವು ಜಗ್ಗಲಿಲ್ಲ.