ಪುಟ್ಟನಿಗೆ, ಸೊಂಟದ ಅಳತೆಯ ವಿಚಾರವಾಗಿ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಖಾಲಿ ಹೊಟ್ಟೆಯ ಸಕ್ಕರೆ 114. ಮಧುಮೇಹವಲ್ಲ, ಆದರೆ ಅದರ ಹೊಸ್ತಿಲು. "ನಾನೇನೂ ದಪ್ಪಗಿಲ್ಲವಲ್ಲ ಮಾವ" ಎಂದು ಬರೆದಿದ್ದೀಯೆ. ಕೈಕಾಲು ಸಣ್ಣಗಿರುವುದು ನಿಜ. ಆದರೆ ಯುಗಾದಿಗೆ ಬಂದಾಗ, ಎಲೆಯ ಮುಂದೆ ಕುಳಿತ ನೀನು ಮೊಳೆಯಿಂದ ಕೊರೆದ ಹೊಸ ತೂತಿಗೆ ಬೆಲ್ಟನ್ನು ಸಡಿಲಿಸಿಕೊಂಡದ್ದನ್ನು ನಾನು ಗಮನಿಸಿದ್ದೆ.

ಕೊಬ್ಬೆಂದರೆ ಉಗ್ರಾಣದಲ್ಲಿ ಒಟ್ಟಿದ ಮೂಟೆಯಂತೆ ಸುಮ್ಮನೆ ಬಿದ್ದಿರುವ ವಸ್ತು ಎಂದೇ ನಾವು ಓದುವ ಕಾಲದಲ್ಲಿ ತಿಳಿದಿದ್ದೆವು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಲೆಪ್ಟಿನ್ ಹಾರ್ಮೋನಿನ ಜೀನನ್ನು ಗುರುತಿಸಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಮೈಯಲ್ಲಿ ಕೂಡಿಟ್ಟದ್ದು ಎಷ್ಟಿದೆ ಎಂಬುದನ್ನು ಕೊಬ್ಬಿನ ಕೋಶಗಳು ಲೆಪ್ಟಿನ್ ಮೂಲಕ ಮಿದುಳಿಗೆ ತಿಳಿಸುತ್ತವೆ. ಬೊಜ್ಜು ಬೆಳೆದ ಬಹುಪಾಲು ಜನರಲ್ಲಿ ಲೆಪ್ಟಿನ್ ಹೆಚ್ಚೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದನ್ನು ಬಿಟ್ಟಿರುತ್ತದೆ. ಆದ್ದರಿಂದ ಲೆಪ್ಟಿನ್ನಿನ ಹೆಸರು ಹೇಳಿ ಮಾರುವ ಮಾತ್ರೆಗಳಿಗೆ ದುಡ್ಡು ಸುರಿಯಬೇಡ.

ನನಗೆ ಹೆಚ್ಚು ಚಿಂತೆಯಿರುವುದು ಅಡಿಪೊನೆಕ್ಟಿನ್ ವಿಚಾರದಲ್ಲಿ. ಯಕೃತ್ತು ಮತ್ತು ಸ್ನಾಯುಗಳು, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುವ ಈ ಹಾರ್ಮೋನನ್ನೂ ಕೊಬ್ಬೇ ಸ್ರವಿಸುತ್ತದೆ. ಆದರೆ ಕೊಬ್ಬು ಹೆಚ್ಚಿದಂತೆ, ಅದರಲ್ಲೂ ಹೊಟ್ಟೆಯೊಳಗೆ ಕರುಳಿನ ಸುತ್ತ ತುಂಬಿಕೊಂಡಂತೆ, ಇದು ಕಡಿಮೆಯಾಗುತ್ತದೆ, ಉರಿಯೂತ ಉಂಟುಮಾಡುವ ಸ್ರಾವಗಳು ಏರುತ್ತವೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟೆಂದು ಹೇಳುವ ಲೆಕ್ಕ) ಕೂಡ 22.3. ಮೈಕೊಬ್ಬು ಮಾತ್ರ ಯುಡ್‌ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ತೂಕದ ಯಂತ್ರ ನಮ್ಮಂಥವರಿಗೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಕಾಲಿನ ಗಾಯ ತಿಂಗಳಾದರೂ ಮಾಯದೆ ಇದ್ದಾಗಲೇ ನಿನ್ನ ಅಜ್ಜಿಗೆ ಸಕ್ಕರೆ ಕಾಯಿಲೆಯೆಂದು ನಮಗೆ ತಿಳಿದದ್ದು. ದಿನವೂ ಆ ಪಟ್ಟಿ ಬಿಚ್ಚಿ ಕಟ್ಟಿದವನು ನಾನು. ನಿನಗೆ ಈಗಲೇ ತಿಳಿದಿದೆ, ಪುಟ್ಟ. ಇದು ದೊಡ್ಡ ಅನುಕೂಲ. ತೂಕ ಸಾಕಷ್ಟು ಇಳಿದರೆ ಅಡಿಪೊನೆಕ್ಟಿನ್ ಮತ್ತೆ ಏರುತ್ತದೆ. ರಾತ್ರಿಯ ಅನ್ನವನ್ನು ಅರ್ಧಕ್ಕೆ ಇಳಿಸಿ ಸೊಪ್ಪಿನ ಹುಳಿ, ಹುರುಳಿಕಾಳಿನ ಪಲ್ಯ ಹೆಚ್ಚಿಸಿಕೋ. ಉಂಡ ಮೇಲೆ ಅರ್ಧ ಗಂಟೆ ನಡೆ. ವಾರಕ್ಕೆರಡು ದಿನವಾದರೂ ಭಾರ ಎತ್ತಿ ಸ್ನಾಯು ಬೆಳೆಸು.

ಭಾನುವಾರ ಬೆಳಿಗ್ಗೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ ಅಳೆದು ನನಗೆ ಬರೆ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಗಡಿ. ಮೂರು ತಿಂಗಳಿಗೆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸೋಣ, ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಿನ್ನ ಸೋದರಮಾವ